ಪ್ಯಾರಲ ಗಿಡ, ಮಸ್ಕಿ

ಬಾಗಿಲು ತೆಗೆದ ವಿಜಯಶ್ರೀ ಚಿಲಕದ ಮೇಲಿದ್ದ ಕೈ ತೆಗೆಯುವುದನ್ನೇ ಮರೆತಳು.

ಎದುರಿಗೆ ಗಂಗಾಧರ!

ಎರಡು ವರ್ಷದ ಮೇಲೆ ಐದು ತಿಂಗಳು... ಹೆಗಲಿಗೆ ಅದೇ ಖಾಕಿ ಚೀಲ, ಉಗುರ ಸಂದಿಯಲ್ಲಿ ಅದೇ ಕೆಮ್ಮಣ್ಣು. ಗಡ್ಡದಲ್ಲಿ ನಾಲ್ಕು ಬಿಳಿ ಕೂದಲು ಮಾತ್ರ ಹೊಸವು. ಇವನನ್ನು ಮರೆತೇಬಿಟ್ಟೆ ಅಂತ ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಹುಡುಗಿಗೆ ಆ ನಾಲ್ಕು ಕೂದಲು ಒಂದೇ ನೋಟಕ್ಕೆ ಕಂಡವು. ಮರೆತ ಚೆಂದ ನೋಡಿ!

"ಯಾರು ಬೇಕಾಗಿತ್ರಿ?" ಎಂದಳು, ಗುರುತೇ ಇಲ್ಲದವಳ ಹಾಗೆ.

"ಬಾಜೂ ಮನಿ ಕರೀಮಾಬಿ ಕರೆಸಿದ್ರು ರೀ..." ಗಂಗಾಧರ ಹೊಸ್ತಿಲು ನೋಡುತ್ತ ಹೇಳಿದ. "ಅವರ ಪ್ಯಾರಲ ಹಣ್ಣೆಲ್ಲ ಹುಳ. ಹುಳ ಹುಟ್ಟೋ ಜಾಗ ಅಲ್ಲಿಲ್ಲ. ಗ್ವಾಡಿ ಈ ಕಡೆ, ನಿಮ್ಮ ಹಿತ್ತಲದಾಗ ಐತಿ. ಒಂದೀಟು ನೋಡಬೇಕಾಗಿತ್ತು."

ಹಿತ್ತಲು! ಅವಳು ಬಾಗಿಲನ್ನು ಅರ್ಧ ಮುಚ್ಚಿದಳು.

"ಹಿತ್ತಲ ಬಾಗಲಾ ತಗಿಯಂಗಿಲ್ಲ."

"ವಿಜೀ..."

"ವಿಜಯಶ್ರೀ ಅನ್ರಿ."

ಅಷ್ಟರಲ್ಲಿ ಅವಳ ತಾಯಿ ಗುರುಲಿಂಗಮ್ಮ ಒಳಗಿನಿಂದ ಬಂದರು. ವಿಷಯ ಕೇಳಿ ಅವರ ಮುಖ ಗಂಟಾಯಿತು. "ನೋಡೋದೇನೈತಿ? ನಾಳಿಗೆ ಜಂಗ್ಲಿಸಾಬ್ ಕೊಡ್ಲಿ ತಗೊಂಡು ಬರ್ತಾನ. ಬಡ್ಡಿ ಸಮೇತ ಕಡದು ಒಗಸ್ತೀನಿ. ಪೀಡಾ ಹೋಗ್ಲಿ!"

"ಕಡದ್ರ ಪೀಡಾ ಹೋಗಂಗಿಲ್ರಿ ಅವ್ವಾರ. ಬಿದ್ದ ಹಣ್ಣಿನಾಗಿನ ಹುಳ ಮಣ್ಣಿಗೆ ಇಳೀತಾವ. ಅಲ್ಲೇ ಗೂಡು ಕಟ್ಟಿ, ನೊಣ ಆಗಿ ಎದ್ದು ಬರ್ತಾವ. ಈ ಗಿಡ ಇಲ್ಲಂದ್ರ ಓಣಿಯಾಗಿನ ಉಳಿದ ಗಿಡಕ್ಕೆಲ್ಲ ಹೋಗ್ತಾವ. ಮೊದಲು ಬಿದ್ದ ಹಣ್ಣು ಆರಿಸಬೇಕ್ರಿ."

"ಹೇಳ್ರಿ ಹೇಳ್ರಿ, ಚಂದಾಗಿ ಹೇಳ್ರಿ!" ಪಕ್ಕದ ಕಟ್ಟೆಯಿಂದ ಕರೀಮಾಬಿಯ ದನಿ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟು ಪೇರಲ ಮಾರುವ ಹೆಂಗಸು, ಈ ಶ್ರಾವಣ ಪೂರ್ತಿ ಕೈ ಖಾಲಿ ಕೂತಿದ್ದಳು. "ಗುರುಲಿಂಗಮ್ಮಾ, ನಿಮ್ಮ ದುಃಖ ನಿಮಗಿರ್ಲಿ, ನನ್ನ ಹಣ್ಣು ಏನು ಪಾಪ ಮಾಡ್ಯಾವ?"

ಗುರುಲಿಂಗಮ್ಮ ಬಂದವನತ್ತ ತಿರುಗಿದರು.

"ನಿನ್ನ ಹೆಸರೇನು ತಮ್ಮಾ?"

"ಗಂಗಾಧರ ರೀ. ಲಿಂಗಸುಗೂರಾಗ ನರ್ಸರಿ ಐತಿ."

ಆ ಹೆಸರು ಕೇಳಿ ತಾಯಿ ಮಗಳ ಮುಖ ನೋಡಿದರು. ಮಗಳು ಗೋಡೆ ನೋಡಿದಳು. ಗುರುಲಿಂಗಮ್ಮ ಸೊಂಟದ ಕೀಲಿಗೊಂಚಲು ಬಿಚ್ಚಿ ಮಗಳ ಕೈಗಿಟ್ಟರು. "ಇವತ್ತು ಹಣ್ಣು ಆರಿಸ್ಕೊಂಡು ಹೋಗ್ಲಿ. ನಾಳಿ ಕಡಿಯೋದು ಕಡಿಯೋದೇ."

ಇಲ್ಲಿ ಒಂದು ಮಾತು ಹೇಳಲೇಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸೀಮೆಯಲ್ಲಿ 'ಎಣ್ಣಿ' ಅಂದರೆ ಒಗ್ಗರಣೆಗೆ ಹಾಕುವುದೂ ಹೌದು, ಹತ್ತಿಗೆ, ಭತ್ತಕ್ಕೆ ಹೊಡೆಯುವ ಹುಳದ ಔಷಧವೂ ಹೌದು. 'ಎಣ್ಣಿ ಹೊಡಿಯಾಕ ಹೋಗ್ಯಾನ' ಅಂದರೆ ಹೊಲದಲ್ಲಿದ್ದಾನೆ ಅಂತ. 'ಎಣ್ಣಿ ಕುಡಿದಾನ' ಅಂದರೆ... ಆಮೇಲೆ ಯಾರೂ ಏನೂ ಕೇಳುವುದಿಲ್ಲ.

ಈ ಮನೆಯಲ್ಲಿ ಆ ಮಾತು ಆಡುವುದನ್ನೇ ಬಿಟ್ಟಿದ್ದರು. ಡಬ್ಬಿ ಖಾಲಿಯಾದರೆ ಗುರುಲಿಂಗಮ್ಮ "ಅದು ಮುಗದೈತಿ" ಅನ್ನುತ್ತಿದ್ದರು. ವಿಜಯಶ್ರೀ ಅಂಗಡಿಗೆ ಹೋಗಿ ಪ್ಯಾಕೆಟ್ಟಿನ ಕಡೆ ಬೆರಳು ತೋರಿಸುತ್ತಿದ್ದಳು. ಯಾಕೆ ಅಂತ ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಎರಡು ವರ್ಷದ ಹಿಂದಿನ ಆ ಶನಿವಾರ ಸಂಜೆ, ಪೈಪು-ಸಿಮೆಂಟಿನ ಅಂಗಡಿ ಮುಚ್ಚಿ ಬಂದ ತಂದೆ ಜಂಬಣ್ಣನ ಮುಂದೆ ನಿಂತು ವಿಜಯಶ್ರೀ ಹೇಳಿದ್ದಳು, "ಅಪ್ಪಾ, ಮದುವಿ ಅಂತ ಆದ್ರ ಗಂಗಾಧರನ್ನೇ."

ಇವರ ಮನೆಯ ಗೋಡೆಯ ಮೇಲೆ ಬಸವಣ್ಣ. ಜವಳಗೇರಾದಲ್ಲಿರುವ ಗಂಗಾಧರನ ಮನೆಯ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಆ ಎರಡು ಗೋಡೆಗಳ ನಡುವೆ ಎಷ್ಟು ದೂರ ಅಂತ ಈ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಜಂಬಣ್ಣ ಬೈಯಲಿಲ್ಲ. "ಅವ ಏನು ಮಾಡ್ತಾನ?" ಅಂತ ಕೇಳಿದರು. "ಲಿಂಗಸುಗೂರಾಗ ನರ್ಸರಿ" ಅಂದಳು. "ಹೌದಾ" ಎಂದು ಎದ್ದು ಹೋದರು. ಅಷ್ಟೇ.

ಮರುದಿನ ಹತ್ತೂವರೆಗೆ ಹಿತ್ತಲ ಮೆಟ್ಟಿಲ ಮೇಲೆ ಅಪ್ಪ ಬಿದ್ದಿದ್ದರು. ಮೈಯೆಲ್ಲ ಬೆವರು, ಬಾಯಿ ತುಂಬ ನೊರೆ. ಓಡಿ ಹೋಗಿ ತಲೆ ತೊಡೆಯ ಮೇಲಿಟ್ಟುಕೊಂಡಾಗ ಕಷ್ಟಪಟ್ಟು ಎರಡೇ ಮಾತು ಹೇಳಿದ್ದರು...

"ಎಣ್ಣಿ... ಕುಡಿದೀನಿ..."

ಸಿಂಧನೂರಿನ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಬಾಯಿಯ ವಾಸನೆಯಲ್ಲೇ ಎಲ್ಲ ತಿಳಿದಿದ್ದ ಗುರುಲಿಂಗಮ್ಮ, ದವಾಖಾನೆಯ ಕಾಗದ-ಪತ್ರ ಯಾವುದೂ ಬೇಡ ಅಂತ ಅಲ್ಲಿಂದಲೇ ಗಾಡಿ ತಿರುಗಿಸಿದರು. ಊರಿಗೆ 'ಹಾರ್ಟ್ ಅಟ್ಯಾಕ್' ಅಂದರು. ಹಿತ್ತಲಿಗೆ ಬೀಗ ಜಡಿದರು. ಊರು ಮುಂದೆ ಹೂಂ ಅಂದಿತು, ಹಿಂದೆ ಪಿಸುಗುಟ್ಟಿತು.

'ನನ್ನ ಮಾತಿಗೇ ಅಪ್ಪ ಹೋದ...' ವಿಜಯಶ್ರೀ ಅವತ್ತೇ ಗಂಗಾಧರನ ನಂಬರು ಬ್ಲಾಕ್ ಮಾಡಿದಳು. ಮದುವೆ ಅನ್ನುವ ಶಬ್ದ ಇನ್ನು ಜನ್ಮದಲ್ಲಿ ಆಡುವುದಿಲ್ಲ ಅಂತ ಆಣೆ ಹಾಕಿಕೊಂಡಳು.

ಆದರೆ ಗಿಡಕ್ಕೆ ಬೀಗ ಗೊತ್ತಾಗುತ್ತದೆಯೇ? ಅದು ಕಾಯಿ ಬಿಟ್ಟಿತು. ಹಣ್ಣು ಕೊಳೆತು ಬಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಮುಚ್ಚಿದ ಬಾಗಿಲಿನ ಆಚೆ ಥಪ್... ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಥಪ್... ಯಾರೋ ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಬಾಗಿಲವರೆಗೆ ಬಂದು ನಿಂತ ಹಾಗೆ. ತಾಯಿ ಮಗಳು ಇಬ್ಬರೂ ತುತ್ತು ಹಿಡಿದು ಹಾಗೇ ಕೂರುತ್ತಿದ್ದರು. ಆಮೇಲೆ ಯಾರಾದರೊಬ್ಬರು "ಹಣ್ಣು" ಅನ್ನುತ್ತಿದ್ದರು.

ಇವತ್ತು ವಿಜಯಶ್ರೀ ಆ ಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿಸಿದಳು.

ಹುಳಿ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಕಾಲಿಡಲು ಜಾಗವಿಲ್ಲದಷ್ಟು ಹಣ್ಣು. ಒಂದನ್ನು ಗಂಗಾಧರ ಬಿಡಿಸಿದ. ಒಳಗೆಲ್ಲ ಬಿಳಿ ಹುಳಗಳು ಮಿಜಿಮಿಜಿ. ಅವಳು ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಸರಿಯಾಗಿ ಅದೇ ಮೆಟ್ಟಿಲು! ಕಾಲ ಕೆಳಗೆ ಅಪ್ಪನ ತಲೆ ಇದ್ದಂತಾಗಿ ಥಟ್ಟನೆ ಕೆಳಗಿಳಿದಳು.

ಅವನು ತಗ್ಗು ತೋಡಿದ, ಮೊಳಕೈ ಮುಳುಗುವಷ್ಟು ಆಳ. ಹಣ್ಣು ಆರಿಸಿ ಆರಿಸಿ ಅದಕ್ಕೆ ಸುರಿದು ಮೇಲೆ ಮಣ್ಣು ಮುಚ್ಚಿದ. ಗಿಡದ ಕೆಳಗಿನ ಮಣ್ಣು ಕೆದರಿ ಬಿಸಿಲಿಗೆ ಬಿಟ್ಟ. ಚೀಲದಿಂದ ಪ್ಲಾಸ್ಟಿಕ್ ಬಾಟಲಿಗಳನ್ನು ತೆಗೆದು ಟೊಂಗೆಗೆ ಕಟ್ಟಿದ.

"ಇದೇನು?" ಕೇಳಬಾರದು ಅಂದುಕೊಂಡಿದ್ದವಳು ಕೇಳಿಯೇಬಿಟ್ಟಳು.

"ಗಂಡು ನೊಣ ಹಿಡಿಯೋ ಬಲಿ. ಒಳಗ ಹೆಣ್ಣಿನ ವಾಸನಿ ಐತಿ ಅಂತ ಮೋಸ ಹೋಗಿ ಬರ್ತಾವ. ಬಂದ್ರ ತಿರುಗಿ ಹೋಗಂಗಿಲ್ಲ."

"ಪಾಪ."

"ಹೂಂ. ಗಂಡಿನ ಹಣೇಬರಾ."

ತುಟಿಯ ತನಕ ಬಂದ ನಗುವನ್ನು ಅವಳು ನುಂಗಿಕೊಂಡಳು. 'ಈ ಜಾಗದಾಗ ನಗ್ತೀಯೇನು? ಇಲ್ಲೇ ಅಪ್ಪ...' ಕಣ್ಣು ಒಮ್ಮೆಲೇ ತುಂಬಿದವು.

ಗಂಗಾಧರ ಸಲಿಕೆ ಕೆಳಗಿಟ್ಟ. "ಒಂದ್ ಮಾತು ಕೇಳ್ಲೇನು? ನಾ ನಿನ್ನ ಮ್ಯಾಲೆ ಸಿಟ್ಟಿಗೇನೂ ಎದ್ದಿಲ್ಲ. ನಿಮ್ಮಪ್ಪಾರು ನನ್ನ ಹೆಸರು ಕೇಳಿ ಜೀವ ಕೊಟ್ರು ಅಂತ ಊರಾಗ ಅಂದ್ರು. ಅದಕ್ಕ ನಾನೂ ಬರಲಿಲ್ಲ. ಯಾವ ಮಾರಿ ಹೊತ್ಗೊಂಡು ಬರ್ಲಿ? ಖರೇನೇನು ವಿಜೀ, ಆ ಮಾತು?"

ಯಾರಿಗೂ ಹೇಳದಿದ್ದುದು... ಇವನಿಗೂ ಹೇಳಬಾರದು ಅಂತಲೇ ಇದ್ದಳು. ಆದರೆ ಎದೆಯಲ್ಲಿ ಜಾಗ ಉಳಿದಿರಲಿಲ್ಲ.

"ಖರೆ. ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಅಪ್ಪನೇ ಹೇಳ್ಯಾನ. ನಾ... ನಾ ಕೊಂದೀನಿ ಗಂಗಾಧರ! ಇನ್ನ ನೀ ಹೋಗು. ನಿನ್ನ ನೋಡಿದ್ರ ಆ ಶನಿವಾರ ಕಾಣತೈತಿ. ಕೈ ಮುಗೀತೀನಿ, ಮತ್ತ ಬರಬ್ಯಾಡ!"

ಬಾಗಿಲ ಮರೆಯಲ್ಲಿ ಹೆಜ್ಜೆ ಸದ್ದಾಯಿತು. ಗುರುಲಿಂಗಮ್ಮ ಅಲ್ಲಿ ನಿಂತು ಎಲ್ಲ ಕೇಳಿದ್ದರು. ಮಗಳಿಗೆ ಗೊತ್ತಾಗಬಾರದು ಅಂತ ತಾವು ಮುಚ್ಚಿಟ್ಟದ್ದನ್ನು ಮಗಳು ಮೊದಲೇ ತಮಗಾಗಿ ಮುಚ್ಚಿಟ್ಟಿದ್ದಳು!

ಗಂಗಾಧರ ಆಯಿತು ಅನ್ನುವಂತೆ ತಲೆಯಾಡಿಸಿದ. ಹೊರಡುವ ಮುಂಚೆ, ರೂಢಿಯಂತೆ, ಗಿಡದ ಬಡ್ಡಿಯನ್ನೊಮ್ಮೆ ಸವರಿ ನೋಡಿದ. ಕೈ ಅಲ್ಲೇ ನಿಂತಿತು.

"ಇದನ್ನ ಯಾರು ಮಾಡಿದ್ರು?"

ತೊಗಟೆ ಅರ್ಧ ಬೆಳೆದು ಮುಚ್ಚಿದ್ದ ಜಾಗದಲ್ಲಿ ಸಿಮೆಂಟಿನ ಬಿಲ್ಲೆ. ಅದರ ಮೇಲೊಂದು, ಆಚೆ ಮತ್ತೊಂದು... ಒಟ್ಟು ಏಳು. ಗಂಗಾಧರ ಚಾಕುವಿನ ತುದಿಯಿಂದ ಒಂದನ್ನು ಮೀಟಿ ತೆಗೆದ. ಒಳಗೆ ತೂತು. ತೂತಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಹತ್ತಿಯ ಉಂಡೆ. ಮೂಸಿದವನು ಮುಖ ಸಿಂಡರಿಸಿದ.

"ಬಡ್ಡಿಗೆ ತೊಗಟಿ ತಿನ್ನೋ ಹುಳ ಹತ್ತಿದ್ವು. ಯಾರೋ ತೂತು ತೂತಿಗೂ ಎಣ್ಣಿ ಕುಡಿಸ್ಯಾರ. ಕುಡಿಸಿ ಹತ್ತಿ ಇಟ್ಟು, ಮ್ಯಾಲೆ ಸಿಮೆಂಟ್ ಮೆತ್ಯಾರ."

"ಏ... ಏನಂದಿ?"

"ಎಣ್ಣಿ ಕುಡಿಸ್ಯಾರ ಅಂದೆ. ಹತ್ತಿಗೆ ಹೊಡಿಯೋ ಎಣ್ಣಿ."

ವಿಜಯಶ್ರೀ ಓಡಿ ಬಂದು ಗಿಡದ ಮುಂದೆ ಮೊಣಕಾಲೂರಿದಳು. ಸಿಮೆಂಟ್ ಒತ್ತಿದ ಹೆಬ್ಬೆರಳಿನ ಗುರುತು ಹಸಿಯಾಗಿದ್ದಾಗ ಹೇಗಿತ್ತೋ ಹಾಗೇ ಇತ್ತು. ಗುರುತಿನ ನಡುವೆ ಅಡ್ಡ ಸೀಳು. ಪೈಪು ಕೊಯ್ಯುವಾಗ ಆದ ಗಾಯ, ಅಪ್ಪನ ಬಲಗೈ ಹೆಬ್ಬೆರಳು!

"ಕರೀಮಾಬಿ!" ಅವಳು ಗೋಡೆಯತ್ತ ಕೂಗಿದಳು. "ಅವತ್ತು... ಅಪ್ಪ ಹೋದ ದಿನ, ನೀವು ಹಿತ್ತಲದಾಗಿದ್ರೇನು?"

ಗೋಡೆಯ ಮೇಲೆ ಕರೀಮಾಬಿಯ ತಲೆ ಕಂಡಿತು. "ಇದ್ದೆ ಬೇಟಿ. ಅರಿವಿ ಒಣಗ್ಹಾಕಾಕತ್ತಿದ್ದೆ. ಜಂಬಣ್ಣಣ್ಣ ಬರೇ ಬನೀನ ಮ್ಯಾಲೆ ಕುಂತು ಸಣ್ಣ ಪೈಪಿಲೆ ಗಿಡದ ತೂತಿಗೆ ಎಣ್ಣಿ ಬಿಡಾಕತ್ತಿದ್ರು. ಪೈಪ್ ಕಟ್ಟಿತ್ತು ಅಂತ ಬಾಯಾಗಿಟ್ಟು ಜಗ್ಗಿದ್ರು, ಊದಿದ್ರು. ಅಣ್ಣಾ, ಬಾಯಿಗೆ ಹಚ್ಚಬ್ಯಾಡ್ರೀ ಅಂತ ನಾ ಬೈದೆ! ಏನಾಗಲ್ಲ ತಂಗೀ ಅಂದ್ರು."

"ಮತ್ತ ಯಾಕ ಹೇಳಲಿಲ್ಲ ಯಾರಿಗೂ?!"

"ನೀವು ಹಾರ್ಟ್ ಅಂದ್ರಿ, ನಾನೂ ಹಾರ್ಟೇ ಅಂದ್ಕೊಂಡೆ. ಅವತ್ತಿನಿಂದ ನೀವು ಈ ಗ್ವಾಡಿ ಕಡೆ ಬಂದೀರೇನು, ಹೇಳಾಕ?"

ವಿಜಯಶ್ರೀ ಆ ಮೆಟ್ಟಿಲಿನತ್ತ ತಿರುಗಿದಳು.

ನೊರೆ ತುಂಬಿದ ಬಾಯಿ... ಅಪ್ಪ 'ಕುಡಿಸೀನಿ' ಅಂದಿದ್ದ. ಎಣ್ಣಿ ಕುಡಿಸೀನಿ! ಗಿಡಕ್ಕೆ ಕುಡಿಸಿದೆ, ಅದೇ ಮೈಗೆ ಹತ್ತಿತು ಅಂತ ಹೇಳಲು ಹೊರಟಿದ್ದ. ಮಗಳ ಕಿವಿಗೆ ಒಂದು ಅಕ್ಷರ ತಪ್ಪಿ ಕೇಳಿಸಿತ್ತು. ಆ ಒಂದು ಅಕ್ಷರದ ಮೇಲೆ ಅವಳು ಎರಡು ವರ್ಷ ಕೊಲೆಗಾತಿಯಾಗಿ ಬದುಕಿದ್ದಳು!

"ಅವ್ವಾ! ಅಪ್ಪ ಸಾಯಾಕಂತ ಕುಡದಿಲ್ಲ ಬೇ! ಗಿಡಕ್ಕ ಕುಡಿಸಿದ್ದ ಅವ್ವಾ!"

ಗುರುಲಿಂಗಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. "ನಾ ಅವರ ಫೋಟೋಕ್ಕ ಬೆನ್ನು ಮಾಡಿ ಮಲಗೀನಿ ವಿಜೀ, ಎರಡು ವರ್ಷ. ಒಂದ್ ಮಾತೂ ಹೇಳದಂಗ ನನ್ನ ಬಿಟ್ಟು ಹೋದ್ರಲ್ಲ ಅಂತ ಸಿಟ್ಟು ಮಾಡ್ಕೊಂಡು..." ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಸಾವಿನ ದಿನವೂ ಹೀಗೆ ಅತ್ತಿರಲಿಲ್ಲ.

ಗಂಗಾಧರನ ಕಡೆ ಯಾರೂ ನೋಡಿರಲಿಲ್ಲ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ವಿಜೀ... ಅವತ್ತು ಐತವಾರ ಇತ್ತೇನು? ಯುಗಾದಿಗಿಂತ ಮುಂಚಿನ ಐತವಾರ?"

"ಹೂಂ. ಯಾಕ?"

ಅವನು ಫೋನು ತೆಗೆದು ಹುಡುಕತೊಡಗಿದ. ರೈತರ ಹೆಸರು ನೆನಪಿಡುವುದು ಅವನಿಗೆ ಆಗದ ಕೆಲಸ, ಬೆಳೆಯ ಹೆಸರಿಗೇ ನಂಬರು ಉಳಿಸಿಕೊಳ್ಳುತ್ತಿದ್ದ. 'ದಾಳಿಂಬ್ರಿ, ಮುದಗಲ್'. 'ನಿಂಬಿ, ಗೊರೇಬಾಳ'. ಕೊನೆಗೊಂದು ಸಿಕ್ಕಿತು. ಫೋನನ್ನು ಅವಳ ಮುಂದೆ ಹಿಡಿದ.

'ಪ್ಯಾರಲ ಗಿಡ, ಮಸ್ಕಿ'.

ಕೆಳಗಿದ್ದದ್ದು ಅಪ್ಪನ ನಂಬರು!

"ಅಪ್ಪ... ನಿನಗ ಫೋನ್ ಮಾಡಿದ್ದನೇನು?!"

"ಹೆಸರು ಹೇಳಲಿಲ್ಲ. ನರ್ಸರಿ ಬೋರ್ಡಿನ ಮ್ಯಾಲಿನ ನಂಬರ್ ಅಂದ್ರು. ಬಡ್ಡಿಗೆ ಹುಳ ಹತ್ಯಾವ, ಏನು ಮಾಡ್ಲಿ ತಮ್ಮಾ ಅಂತ ಕೇಳಿದ್ರು. ಆಮ್ಯಾಲೆ ಹುಳ ಬಿಟ್ಟು ಏನೇನೋ ಕೇಳಿದ್ರು. ತಾಯಿ ಆರಾಮದಾರೇನು, ಅಡಿಗಿ ಬರತೈತೇನು, ಸಿಟ್ಟು ಜಾಸ್ತಿ ಏನು ಅಂತ... ಯಾರೋ ಹೊತ್ತು ಹೋಗದ ಹಿರ್ಯಾರು ಅಂದ್ಕೊಂಡೆ."

ವಿಜಯಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಹುಳ ಒಂದು ನೆಪ! ಅಪ್ಪ ಹುಡುಗನನ್ನು ನೋಡಲು ಹೊರಟಿದ್ದ, ತನ್ನದೇ ರೀತಿಯಲ್ಲಿ.

"ಪೂರ್ತಿ ಕೇಳು," ಗಂಗಾಧರನ ದನಿ ಒಡೆಯಿತು. "ತೂತಿಗೆ ಎಣ್ಣಿ ಕುಡಿಸಿ ಬಾಯಿ ಮುಚ್ಚರಿ ಅಂತ ನಾನೇ ಹೇಳೀನಿ. ನಾ ಹೇಳಿದ್ದು ದೀಪದ ಚಿಮಣಿ ಎಣ್ಣಿ, ಸೀಮೆಎಣ್ಣಿ. ಹತ್ತಿ ಅದರಾಗ ಅದ್ದಿ ಇಟ್ರ ಹುಳ ಸಾಯತಾವ, ಮನಿಶ್ಯಾಗ ಏನೂ ಆಗಂಗಿಲ್ಲ. ನರ್ಸರಿಯಾಗ ನಾವು ಅದಕ್ಕ ಬರೇ ಎಣ್ಣಿ ಅಂತೀವಿ. ಗಿರಾಕಿ ನಿಂತಿದ್ರು, ಅವಸರದಾಗಿದ್ದೆ. 'ಚಿಮಣಿ' ಅನ್ನೋದೊಂದು ಮಾತು ಬಿಟ್ಟೆ. ಅವರು ಹೊಲದ ಎಣ್ಣಿ ಅಂತ ತಿಳಕೊಂಡ್ರು... ನೀ ಕೊಂದಿಲ್ಲ ವಿಜೀ. ನಾ ಕೊಂದೀನಿ."

ಚೀಲ ಹೆಗಲಿಗೇರಿಸಿಕೊಂಡ. ಗುರುಲಿಂಗಮ್ಮನ ಮುಂದೆ ಬಗ್ಗಿ ಮೆಟ್ಟಿಲು ಮುಟ್ಟಿದ. ಬಾಗಿಲತ್ತ ಹೆಜ್ಜೆ ಇಟ್ಟ.

ವಿಜಯಶ್ರೀ ಅವನ ಬೆನ್ನು ನೋಡುತ್ತ ನಿಂತಳು. ತನ್ನ ಎದೆಯ ಮೇಲಿಂದ ಈಗಷ್ಟೇ ಇಳಿದ ಬಂಡೆ ಅಲ್ಲಿ, ಆ ಹೆಗಲ ಮೇಲೆ ಕೂತಿತ್ತು. ಅದರ ತೂಕ ಅವಳಿಗೆ ಗೊತ್ತಿತ್ತು. ರಾತ್ರಿ ಹೇಗಿರುತ್ತದೆ, ಊಟ ಹೇಗಿರುತ್ತದೆ, ತನ್ನ ಹೆಸರನ್ನು ಯಾರಾದರೂ ಪ್ರೀತಿಯಿಂದ ಕರೆದರೆ ಹೇಗಾಗುತ್ತದೆ... ಎಲ್ಲ ಗೊತ್ತಿತ್ತು.

"ನಿಂದ್ರು!"

ಅವನು ನಿಂತ.

"ನಾ ಎರಡು ವರ್ಷ ಹೊತ್ತೀನಿ. ಈಗ ನಿನ್ನ ಪಾಳೇನು? ಸಾವು ಒಂದೇ, ಅದಕ್ಕ ಎಷ್ಟು ಮಂದಿ ಸಾಯಬೇಕು ಗಂಗಾಧರ? ನೀ ಒಂದು ಮಾತು ಬಿಟ್ಟಿ, ಅಪ್ಪ ಒಂದು ಮಾತು ತಪ್ಪು ತಿಳಕೊಂಡ, ನಾ ಒಂದು ಅಕ್ಷರ ತಪ್ಪು ಕೇಳಿಸ್ಕೊಂಡೆ. ಯಾರೂ ಯಾರನ್ನೂ ಕೊಂದಿಲ್ಲ."

"ನನ್ನ ಮಾರಿ ನೋಡಿದಾಗೊಮ್ಮೆ ಇದು ನೆನಪಾಗಂಗಿಲ್ಲೇನು ನಿನಗ?"

"ಆಗತೈತಿ," ಎಂದಳು ಅವಳು. ಸುಳ್ಳು ಹೇಳಲಿಲ್ಲ. "ಆದಾಗ ನಿನ್ನ ಮುಂದ ಅಳ್ತೀನಿ. ಇಷ್ಟು ದಿನ ಅಳಾಕ ಯಾರಿದ್ರು?"

ಗುರುಲಿಂಗಮ್ಮ ಕಣ್ಣೊರೆಸಿಕೊಂಡು ತಲೆ ಎತ್ತಿದರು. ಬೈಯುತ್ತಾರೇನೋ ಅಂತ ಗಂಗಾಧರ ತಲೆ ತಗ್ಗಿಸಿ ಕಾದ.

"ತಮ್ಮಾ... ಅವರು ಫೋನಿನಾಗ ನಕ್ಕರೇನು?"

"ರೀ?"

"ಹೋಗೋ ದಿನ. ನಿನ್ನ ಕೂಡ ಮಾತಾಡುವಾಗ ನಕ್ಕರೇನು?"

"ನಕ್ಕರು ಅವ್ವಾರ. ಹುಳಕ್ಕೂ ಅಡಿಗಿಗೂ ಏನು ಸಂಬಂಧರೀ ಅಂದೆ ನೋಡ್ರಿ, ಕೆಮ್ಮು ಬರೋ ತನಕ ನಕ್ಕರು."

ಗುರುಲಿಂಗಮ್ಮ ಬಹಳ ಹೊತ್ತು ಗಿಡ ನೋಡುತ್ತ ಕೂತರು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದರು. "ಜಂಗ್ಲಿಸಾಬಗ ಬರಬ್ಯಾಡ ಅಂತ ಹೇಳಿ ಕಳಸ್ತೀನಿ. ಕೈಕಾಲು ತೊಳಕೋ ಹೋಗು ತಮ್ಮಾ, ರೊಟ್ಟಿ ಹಾಕ್ತೀನಿ" ಎಂದು ಒಳಗೆ ಹೋದರು. ಗೋಡೆಯ ಮೇಲಿನ ಕರೀಮಾಬಿಯ ತಲೆಯೂ, ಮನಸ್ಸಿಲ್ಲದ ಮನಸ್ಸಿನಿಂದ, ಮರೆಯಾಯಿತು.

ಹಿತ್ತಲಲ್ಲಿ ಇಬ್ಬರೇ ಉಳಿದರು.

"ಅಪ್ಪ ಇನ್ನೇನು ಕೇಳಿದ?" ವಿಜಯಶ್ರೀ ಮೆಲ್ಲಗೆ ಕೇಳಿದಳು. "ಎಲ್ಲ ಹೇಳು. ಒಂದೂ ಬಿಡಬ್ಯಾಡ."

"ಕಡೀಕ ಲಗ್ನ ಆಗೈತೇನು ಅಂತ ಕೇಳಿದ್ರು."

"ನೀ ಏನಂದಿ?"

"ಇಲ್ರಿ, ಒಬ್ಬಾಕಿ ಅದಾಳ, ಅಕೀ ಹೂಂ ಅಂದ್ರ ಆಗ್ತೀನಿ ಅಂದೆ."

"ಅದಕ್ಕ ಅಪ್ಪ?"

ಗಂಗಾಧರ ಅವಳ ಕಣ್ಣಲ್ಲಿ ಕಣ್ಣಿಟ್ಟ. "'ಅಂತಾಳ ಬಿಡು ತಮ್ಮಾ' ಅಂದ್ರು."

ವಿಜಯಶ್ರೀ ಅಳುತ್ತಲೇ ಅವನ ಮಣ್ಣುಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೂಂ," ಎಂದಳು.